ಸೇವೆಗೆ ತಕ್ಕ ಅಧಿಕಾರ, ಕಾಣಿಕೆಗೆ ತಕ್ಕ ಲೆಕ್ಕ: ಸ್ತ್ರೀ ಅನ್ಯೋನ್ಯ ಕೂಟಗಳ ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಬಿಷಪರು, ಡಯಾಸಿಸ್ ಕಾರ್ಯಕಾರಿ ಸಮಿತಿ ಮತ್ತು ಎಲ್ಲ ಸಭಾ ಸಮಿತಿಗಳ ಪದಾಧಿಕಾರಿಗಳು

ಇವರಿಂದ: ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ಕನ್ನಡ ಪ್ರೊಟೆಸ್ಟಂಟ್ ಸಭೆಗಳ ಸ್ತ್ರೀ ಅನ್ಯೋನ್ಯ ಕೂಟಗಳ ಸದಸ್ಯೆಯರು

ಮಾನ್ಯರೇ,

ಕರ್ತನ ಮೇಜಿನ ಬಿಳಿ ಬಟ್ಟೆಯನ್ನು ಮನೆಗೆ ಒಯ್ದು ಒಗೆದು ಇಸ್ತ್ರಿ ಮಾಡಿ ತರುವವರು ನಾವು. ಸುಗ್ಗಿ ಹಬ್ಬದ ಏಲಂಗೆ ಕರ್ಚಿಕಾಯಿ, ಚಕ್ಕುಲಿ ಮಾಡಿ ಡಬ್ಬ ತುಂಬಿಸುವವರು ನಾವು. ಸಾವಿನ ಮನೆಗೆ ಮೊದಲು ಹೋಗಿ ಹೆಣಕ್ಕೆ ನೀರೆರೆಯುವವರು, ಬಾಣಂತಿಯ ಮನೆಗೆ ಊಟ ಒಯ್ಯುವವರು, ಬೇರೆ ಭಾಷೆಯ ಸಭೆಯ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡವನ್ನು ಗುಡಿಸಿ ನಮ್ಮ ಮಧ್ಯಾಹ್ನದ ಆರಾಧನೆಗೆ ಅಣಿಗೊಳಿಸುವವರು ನಾವು. ಇಷ್ಟಾಗಿಯೂ ಆಯವ್ಯಯ ಮಂಡಿಸುವಾಗ ನಮ್ಮನ್ನು ಕೇಳುವವರಿಲ್ಲ. ಕೂಟದ ಹಣ ಸಾಮಾನ್ಯ ನಿಧಿಗೆ ಸೇರುತ್ತದೆ, ಅಲ್ಲಿಂದ ಎಲ್ಲಿಗೆ ಹೋಯಿತೆಂದು ನಮಗೆ ತಿಳಿಸುವುದಿಲ್ಲ. ಸಮಿತಿಯ ಸಭೆ ನಡೆಯುವಾಗ ನಾವು ಹೊರಗೆ ಚಹಾ ಸೋಸುತ್ತಿರುತ್ತೇವೆ. ವರ್ಷಾಂತ್ಯದ ವರದಿಯಲ್ಲಿ ನಮ್ಮ ಪಾಲಿಗೆ ಬರುವುದು ಕೃತಜ್ಞತೆಯ ಒಂದು ಸಾಲು.

ಕೃತಜ್ಞತೆ ಸಾಕು. ನಮಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಎಂದು ಕೇಳಲು ಈ ಪತ್ರ.

ಇದು ಸಭೆಗೆ ಪರಕೀಯವಾದ ಮಾತಲ್ಲ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಗೆ ಬಂದ ಮೊದಲ ಆಡಳಿತದ ದೂರೇ ಸ್ತ್ರೀಯರ ಕುರಿತದ್ದು, ಅದರಲ್ಲೂ ಅನ್ಯಭಾಷೆಯ ಸ್ತ್ರೀಯರ ಕುರಿತದ್ದು. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿತ್ತು. ಅಪೊಸ್ತಲರು ಆ ದೂರನ್ನು ಗುಣುಗುಟ್ಟುವಿಕೆ ಎಂದು ತಳ್ಳಿಹಾಕಲಿಲ್ಲ. ಇಡೀ ಸಭೆಯನ್ನು ಕರೆದರು, ಏಳು ಮಂದಿಯನ್ನು ಆರಿಸಲು ಹೇಳಿದರು, ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅನ್ಯಾಯವಾದವರ ಕಡೆಯವರ ಕೈಗೇ ಹಂಚಿಕೆಯನ್ನು ಒಪ್ಪಿಸಿದರು. ಮರಾಠಿ ನಾಡಿನಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಾವು ಕೇಳುವುದೂ ಅದನ್ನೇ.

ಮುಂಬಯಿಯ ನೆಲಕ್ಕೂ ಇದು ಹೊಸದಲ್ಲ. 1869ರಲ್ಲಿ ಬೋಸ್ಟನ್ನಿನ ಮೆಥಡಿಸ್ಟ್ ಸ್ತ್ರೀಯರು ತಮ್ಮದೇ ಮಿಷನರಿ ಸಂಘ ಕಟ್ಟಿ, ವಾರಕ್ಕೆ ಎರಡು ಸೆಂಟ್ ಕೂಡಿಸಿ, ತಮ್ಮ ಹಣವನ್ನು ತಾವೇ ನಿಭಾಯಿಸಿದರು. ಆ ಹಣದಲ್ಲಿ ಶಿಕ್ಷಕಿ ಇಸಬೆಲ್ಲಾ ಥೋಬರ್ನ್ ಮತ್ತು ವೈದ್ಯೆ ಕ್ಲಾರಾ ಸ್ವೇನ್ 1870ರ ಜನವರಿಯಲ್ಲಿ ಮುಂಬಯಿಯ ಬಂದರಿನಲ್ಲಿ ಇಳಿದರು. ನಮ್ಮ ಪಶ್ಚಿಮ ಘಟ್ಟದ ಕಾಡಿನ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಇದೇ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮುಂದೆ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ ಬರಗಾಲದ ಹೆಣ್ಣುಮಕ್ಕಳನ್ನು ಸಲಹಿದರು. ಆಕೆ ಸೇವೆಯನ್ನೂ ಮಾಡಿದರು, ಸಂಸ್ಥೆಯನ್ನೂ ನಡೆಸಿದರು. ನಮಗೆ ಮೊದಲನೆಯದನ್ನು ಮಾತ್ರ ಬಿಟ್ಟುಕೊಡಲಾಗಿದೆ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇವು.

ಹಣ ಮತ್ತು ಲೆಕ್ಕ

1. ಕೂಟದ ಮಾಸಿಕ ಚಂದಾ, ಹಿಡಿಯಕ್ಕಿಯ ಹಣ, ತಿಂಡಿ ಮಾರಾಟ ಮತ್ತು ನಾವು ಮಾಡಿಕೊಟ್ಟ ವಸ್ತುಗಳ ಏಲಂ ಹಣ ಕೂಟದ ಹೆಸರಿನ ಪ್ರತ್ಯೇಕ ಬ್ಯಾಂಕ್ ಖಾತೆಗೇ ಜಮೆಯಾಗಬೇಕು.

2. ಆ ಖಾತೆಯ ಚೆಕ್ಕಿಗೆ ಕೂಟವು ಚುನಾಯಿಸಿದ ಇಬ್ಬರು ಸ್ತ್ರೀಯರ ಸಹಿಯೇ ಸಾಕಾಗಬೇಕು.

3. ಕಳೆದ ಐದು ವರ್ಷಗಳಲ್ಲಿ ಸಾಮಾನ್ಯ ನಿಧಿಗೆ ಸೇರಿಸಿಕೊಂಡ ಕೂಟದ ಹಣವೆಷ್ಟು, ಅದನ್ನು ಯಾರ ಮಂಜೂರಾತಿಯಿಂದ ಯಾವುದಕ್ಕೆ ಖರ್ಚು ಮಾಡಲಾಯಿತು ಎಂಬುದನ್ನು ವರ್ಷವಾರು ಲಿಖಿತವಾಗಿ ಕೊಡಬೇಕು.

4. ಕೂಟದ ಒಪ್ಪಿಗೆಯಿಲ್ಲದೆ ಬೇರೆ ಬಾಬ್ತಿಗೆ ಬಳಸಿದ ಹಣವನ್ನು ಈ ಆರ್ಥಿಕ ವರ್ಷ ಮುಗಿಯುವುದರೊಳಗೆ ಮರಳಿಸಬೇಕು.

5. ಮಹಾರಾಷ್ಟ್ರ ಸಾರ್ವಜನಿಕ ನ್ಯಾಸ ಕಾಯ್ದೆ, 1950ರಡಿ ನೋಂದಾಯಿತ ನ್ಯಾಸವು ಇಡಬೇಕಾದ ಲೆಕ್ಕ ಮತ್ತು ಲೆಕ್ಕಪರಿಶೋಧನೆಯ ವರದಿಯನ್ನು ವಾರ್ಷಿಕ ಸಾಮಾನ್ಯ ಸಭೆಗೆ 15 ದಿನ ಮೊದಲೇ ಕನ್ನಡದಲ್ಲಿ ಹಂಚಬೇಕು.

6. ಸಭೆಯ ಅಡುಗೆಗೆ, ಹಬ್ಬಕ್ಕೆ, ಶವಸಂಸ್ಕಾರದ ದಿನದ ಊಟಕ್ಕೆ ಸ್ತ್ರೀಯರು ಕೈಯಿಂದ ಹಾಕುವ ಕಿರಾಣಿ, ಗ್ಯಾಸ್ ಮತ್ತು ರಿಕ್ಷಾ ಖರ್ಚನ್ನು ಚೀಟಿ ತೋರಿಸಿದ ಏಳು ದಿನಗಳಲ್ಲಿ ಸಭೆಯ ನಿಧಿಯಿಂದ ಕೊಡಬೇಕು.

ನಿರ್ಣಯದ ಸ್ಥಾನ

7. ಪ್ರತಿ ಸಭಾ ಸಮಿತಿಯಲ್ಲಿ ಕನಿಷ್ಠ ಮೂರನೇ ಒಂದು ಸ್ಥಾನ ಸ್ತ್ರೀಯರಿಗೆ ಇರಬೇಕು, ಆ ಸ್ತ್ರೀಯರನ್ನು ಸಭೆಯವರೇ ಚುನಾಯಿಸಬೇಕು.

8. ಕಾರ್ಯದರ್ಶಿ ಮತ್ತು ಖಜಾಂಚಿ ಹುದ್ದೆಗಳಲ್ಲಿ ಒಂದನ್ನು ಸರದಿಯಂತೆ ಸ್ತ್ರೀಗೆ ಕೊಡಬೇಕು.

9. ಡಯಾಸಿಸ್ ಮಟ್ಟದ ಆಸ್ತಿ ಮತ್ತು ಹಣಕಾಸು ಸಮಿತಿಗಳಿಗೆ ಕನ್ನಡ ಸಭೆಗಳಿಂದ ಹೋಗುವ ಪ್ರತಿನಿಧಿಗಳಲ್ಲಿ ಸ್ತ್ರೀಯರು ಇರಲೇಬೇಕು.

10. ಸಭಾಪಾಲಕರ ಪತ್ನಿಯೇ ಕೂಟದ ಅಧ್ಯಕ್ಷೆ ಎಂಬ ರೂಢಿಯನ್ನು ನಿಲ್ಲಿಸಿ ಅಧ್ಯಕ್ಷೆಯನ್ನು ಗುಪ್ತ ಮತದಾನದಿಂದ ಆರಿಸಬೇಕು.

11. ಸಭಾಪಾಲಕರ ಪತ್ನಿ ಮಾಡುವ ಸೇವೆ ಆಕೆಯ ಸ್ವಂತ ಇಚ್ಛೆಯದ್ದೆಂದು, ಗಂಡನ ನೇಮಕಾತಿಯ ಜೊತೆಗೆ ಸಂಬಳವಿಲ್ಲದೆ ಸಿಗುವ ಕೈಯಲ್ಲವೆಂದು ಸುತ್ತೋಲೆ ಹೊರಡಿಸಬೇಕು.

12. ಸ್ತ್ರೀಯರು ಮನೆಗೆಲಸ, ನೌಕರಿ, ಲೋಕಲ್ ರೈಲು ಮೂರನ್ನೂ ದಾಟಿ ಬರಬೇಕಾಗಿರುವುದರಿಂದ ಸಮಿತಿಯ ಯಾವ ಸಭೆಯೂ ರಾತ್ರಿ 8ರ ನಂತರ ನಡೆಯಕೂಡದು.

ಆಸ್ಪತ್ರೆ ಸೇವೆ

ಈ ಬಾಬ್ತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಸಭೆಗಳು ಅತಿ ಹೆಚ್ಚು ಹೆಮ್ಮೆಪಡುವುದೂ ಅತಿ ಕಡಿಮೆ ಖರ್ಚು ಮಾಡುವುದೂ ಇದರಲ್ಲೇ. ಪರೇಲಿನಲ್ಲಿ 1941ರಲ್ಲಿ ಶುರುವಾದ ಟಾಟಾ ಸ್ಮಾರಕ ಆಸ್ಪತ್ರೆಗೂ ಅದರ ಖಾರ್ಘರ್ ಕೇಂದ್ರಕ್ಕೂ ಬೀದರ್, ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ಕ್ಯಾನ್ಸರ್ ರೋಗಿಗಳು ಬರುತ್ತಾರೆ. ಅನೇಕರಿಗೆ ಹಿಂದಿಯೂ ಬಾರದು, ಮರಾಠಿಯೂ ಬಾರದು. ಕೇಸ್ ಪೇಪರ್ ಯಾವ ಕಿಟಕಿಯಲ್ಲಿ ಮಾಡಿಸಬೇಕು, ಡಾಕ್ಟರು ಹೇಳಿದ್ದೇನು, ಯಾವ ಗುಳಿಗೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂಬುದನ್ನು ಅವರ ಮಾತಿನಲ್ಲಿ ಹೇಳುವವರು ನಮ್ಮ ಕೂಟದ ಸ್ತ್ರೀಯರು. ಕಿಮೋ ಆದ ಮೇಲೆ ಬಾಯಿ ಹುಣ್ಣಾಗಿ ಖಾರ ಮುಟ್ಟಲಾಗದವರಿಗೆ ಜೋಳದ ಅಂಬಲಿ ಮಾಡಿ ಫ್ಲಾಸ್ಕಿನಲ್ಲಿ ತುಂಬಿ ಒಯ್ಯುತ್ತಾರೆ. ಡೊಂಬಿವಲಿಯಿಂದ ಖಾರ್ಘರ್‌ಗೆ ಹೋಗಬೇಕೆಂದರೆ ಥಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಮಾರ್ಗದ ಗಾಡಿ ಹಿಡಿಯಬೇಕು, ಇಳಿದ ಮೇಲೆ ಮತ್ತೆ ರಿಕ್ಷಾ. ಆ ಟಿಕೆಟು, ಆ ರಿಕ್ಷಾ, ಆ ಜೋಳ, ಎಲ್ಲವೂ ಹೋದ ಸ್ತ್ರೀಯ ಮನೆಖರ್ಚಿನ ಹಣದಿಂದ. ರೋಗಿ ರಾತ್ರಿ ತೀರಿಕೊಂಡರೆ ಶವವನ್ನು ಊರಿಗೆ ಸಾಗಿಸುವ ಗಾಡಿಗೆ ಫೋನು ಮಾಡುವವಳೂ ಅವಳೇ. ಡಯಾಸಿಸ್ ವರದಿಯಲ್ಲಿ ಅದು ಅಚ್ಚಾಗುವುದು ಸಭೆಯ ಆಸ್ಪತ್ರೆ ಸೇವೆ ಎಂದು.

13. ರೋಗಿದರ್ಶನ ಸೇವೆಗೆ ಪ್ರತಿ ಸಭೆಯ ಆಯವ್ಯಯದಲ್ಲಿ ಪ್ರತ್ಯೇಕ ಬಾಬ್ತು ತೆರೆದು, ಅದರ ಖರ್ಚಿನ ಅಧಿಕಾರವನ್ನು ಕೂಟಕ್ಕೆ ಕೊಡಬೇಕು.

14. ಸೇವೆಗೆ ಹೋಗುವ ಪ್ರತಿ ಸ್ತ್ರೀಗೆ ರೈಲು, ರಿಕ್ಷಾ ಮತ್ತು ಊಟದ ಖರ್ಚು ಸಲ್ಲಬೇಕು.

15. ಗಂಭೀರ ರೋಗದ ಸುದ್ದಿಯನ್ನು ಹೇಗೆ ತಿಳಿಸಬೇಕು, ಸೋಂಕಿನಿಂದ ರೋಗಿಯನ್ನೂ ತಮ್ಮನ್ನೂ ಹೇಗೆ ಕಾಪಾಡಿಕೊಳ್ಳಬೇಕು, ರೋಗಿಯ ಗುಟ್ಟನ್ನು ಹೇಗೆ ಕಾಯಬೇಕು ಎಂಬುದರಲ್ಲಿ ಅವರಿಗೆ ವರ್ಷಕ್ಕೊಮ್ಮೆಯಾದರೂ ತಜ್ಞರಿಂದ ತರಬೇತಿ ಕೊಡಿಸಬೇಕು.

16. ಚಿಕಿತ್ಸೆಗೆ ಬಂದ ಬಡ ಕುಟುಂಬಗಳು ತಂಗಲು ಡಯಾಸಿಸ್ ತನ್ನ ಕಟ್ಟಡಗಳಲ್ಲಿ ಕನಿಷ್ಠ ಎರಡು ಕೋಣೆಗಳನ್ನು, ಜಾತಿ ಮತ ಕೇಳದೆ, ಬಿಟ್ಟುಕೊಡಬೇಕು.

17. ತುರ್ತಿನ ಖರ್ಚಿಗೆ ಕೂಟದ ಕೈಯಲ್ಲಿ ಸದಾ ಒಂದು ನಿಗದಿತ ನಗದು ಇರಬೇಕು, ರಾತ್ರಿ ಹನ್ನೊಂದಕ್ಕೆ ಆಂಬುಲೆನ್ಸ್ ಬೇಕಾದಾಗ ಸಮಿತಿಯ ಮಂಜೂರಾತಿಗೆ ಕಾಯುವ ಪರಿಸ್ಥಿತಿ ಇರಬಾರದು.

18. ಈ ಸೇವೆಯ ವರದಿಯನ್ನು ಸೇವೆ ಮಾಡಿದವರೇ ಬರೆದು ತಮ್ಮ ಹೆಸರಿನಲ್ಲಿ ಮಂಡಿಸಬೇಕು.

ಸುರಕ್ಷೆ

19. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಸಂಬಳ ಪಡೆಯುವವಳನ್ನೂ ಸ್ವಯಂಸೇವಕಿಯನ್ನೂ ಒಂದೇ ರೀತಿ ರಕ್ಷಿಸುವುದರಿಂದ, ಆ ಕಾಯ್ದೆ ಹೇಳುವಂತೆ ಹಿರಿಯ ಮಹಿಳೆಯ ಅಧ್ಯಕ್ಷತೆಯಲ್ಲಿ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳಾ ಸದಸ್ಯರೊಂದಿಗೆ, ಹೊರಗಿನ ಸದಸ್ಯರೊಬ್ಬರನ್ನು ಸೇರಿಸಿ ಆಂತರಿಕ ಸಮಿತಿ ರಚಿಸಬೇಕು.

20. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಭೆಗಳ ಸ್ತ್ರೀಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದೆಂಬುದನ್ನು ಪ್ರತಿ ಸಭೆಯ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು.

21. ದೂರು ಕೊಟ್ಟವಳನ್ನು ಸಭೆಯ ಮಾನದ ಹೆಸರಿನಲ್ಲಿ ಬಾಯಿ ಮುಚ್ಚಿಸಕೂಡದು.

22. ಆರಾಧನೆ ನಡೆಯುವ ಪ್ರತಿ ಕಟ್ಟಡದಲ್ಲಿ, ಅದು ಬಾಡಿಗೆಯ ಹಾಲ್ ಆಗಿದ್ದರೂ, ಸ್ತ್ರೀಯರಿಗೆ ನೀರಿರುವ, ಚಿಲಕವಿರುವ ಶೌಚಾಲಯ ಮತ್ತು ಕೂಟದ ಪಾತ್ರೆ, ಪುಸ್ತಕಗಳನ್ನಿಡಲು ಬೀಗದ ಕಪಾಟು ಇರಬೇಕು.

ಪಾಲಕ ಸೇವೆ, ವಿಧವೆಯರು, ಭಾಷೆ

23. ದಕ್ಷಿಣ ಭಾರತ ಸಭೆ ದಶಕಗಳ ಹಿಂದೆಯೇ ಸ್ತ್ರೀಗೆ ಪಾಲಕ ದೀಕ್ಷೆ ಕೊಟ್ಟು, 2013ರಲ್ಲಿ ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪರನ್ನಾಗಿ ಪ್ರತಿಷ್ಠಿಸಿರುವಾಗ, ನಮ್ಮ ನಾಲ್ಕು ಊರುಗಳ ಕನ್ನಡ ಸಭೆಗಳಿಗೂ ದೀಕ್ಷೆ ಪಡೆದ ಸ್ತ್ರೀಯರನ್ನು ಪಾಲಕರನ್ನಾಗಿ ನೇಮಿಸಬೇಕು.

24. ದೇವಶಾಸ್ತ್ರ ಓದಲು ಮುಂದೆ ಬರುವ ಕನ್ನಡ ಸಭೆಗಳ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗೆ ಕೊಡುವಷ್ಟೇ ವಿದ್ಯಾರ್ಥಿವೇತನವನ್ನೂ ಶಿಫಾರಸನ್ನೂ ಕೊಡಬೇಕು.

25. ಮೇಜಿನ ಬಟ್ಟೆ ಒಗೆಯುವ ಕೈಗಳಿಗೆ ಆ ಮೇಜಿನಿಂದ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಲು ನೆರವಾಗುವ ಅವಕಾಶವೂ ಇರಬೇಕು.

26. ಮನೆಮನೆಗೆ ಹೋಗಿ ಬೈಬಲ್ ಓದಿ ಹೇಳುತ್ತ ಸಣ್ಣ ಗೌರವಧನಕ್ಕೆ ದುಡಿದ ಬೈಬಲ್ ಸ್ತ್ರೀಯರಿಗೆ ಮುಪ್ಪಿನಲ್ಲಿ ಮಾಸಿಕ ನಿವೃತ್ತಿವೇತನ ಸಲ್ಲಬೇಕು.

27. ಸೇವೆಯಲ್ಲಿರುವಾಗಲೇ ತೀರಿಕೊಂಡ ಪಾಲಕರ ವಿಧವೆಯನ್ನೂ ಮಕ್ಕಳನ್ನೂ ಒಂದು ವರ್ಷ ತುಂಬುವವರೆಗೆ ಪಾಲಕರ ಮನೆಯಿಂದ ಹೊರಹಾಕಕೂಡದು, ಹಾಕಲೇಬೇಕಾದರೆ ಅಂಥದ್ದೇ ಮನೆಯ ಬಾಡಿಗೆ ಕೊಡಬೇಕು.

28. ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು, 1831ರಲ್ಲಿ ಬಳ್ಳಾರಿಯಲ್ಲಿ ಪೂರ್ತಿಯಾಗಿ ಹೊರಬಂದ ಕನ್ನಡ ಬೈಬಲನ್ನು ಓದುವಂತಾಗಲು ಭಾನುವಾರ ಶಾಲೆಯಲ್ಲಿ ಅಕ್ಷರ ಕಲಿಸುವ ಸ್ತ್ರೀಯರಿಗೆ ಪುಸ್ತಕ, ಹಲಗೆ ಮತ್ತು ಗೌರವಧನವನ್ನು ಸಭೆಯ ನಿಧಿಯಿಂದ ಕೊಡಬೇಕು.

ಉತ್ತರದ ಗಡುವು

29. ಈ ಪತ್ರ ತಲುಪಿದ 15 ದಿನಗಳಲ್ಲಿ ಅದನ್ನು ಎಲ್ಲ ಕನ್ನಡ ಸಭೆಗಳಲ್ಲಿ ಭಾನುವಾರದ ಪ್ರಕಟಣೆಯ ವೇಳೆ ಪೂರ್ತಿಯಾಗಿ ಓದಿಸಬೇಕು.

30. ಪ್ರತಿ ಹಕ್ಕೊತ್ತಾಯಕ್ಕೂ ಒಪ್ಪಿದ್ದೀರೋ ಇಲ್ಲವೋ, ಒಪ್ಪಿದ್ದರೆ ಯಾವ ದಿನಾಂಕದೊಳಗೆ, ಇಲ್ಲವಾದರೆ ಯಾವ ಕಾರಣಕ್ಕೆ ಎಂಬುದನ್ನು 45 ದಿನಗಳಲ್ಲಿ ಲಿಖಿತವಾಗಿ, ಕನ್ನಡದಲ್ಲಿ ತಿಳಿಸಬೇಕು.

31. ಮಾತುಕತೆಗೆ ಕರೆಯುವುದಾದರೆ ನಾಲ್ಕೂ ಊರುಗಳಿಂದ ಕೂಟಗಳು ಆರಿಸಿದ ಪ್ರತಿನಿಧಿಗಳನ್ನೇ ಕರೆಯಬೇಕು, ನಮ್ಮ ಪರವಾಗಿ ಮಾತಾಡಲು ನಮ್ಮ ಗಂಡಂದಿರನ್ನಲ್ಲ.

ಗಡುವು ಮುಗಿದರೂ ಉತ್ತರ ಬಾರದಿದ್ದರೆ ನಾವು ರೋಗಿಗಳನ್ನು, ಬಾಣಂತಿಯರನ್ನು, ಸಾವಿನ ಮನೆಗಳನ್ನು ಬಿಡುವುದಿಲ್ಲ, ಅವರು ನಿಮ್ಮ ಆಡಳಿತದ ತಪ್ಪಿಗೆ ಹೊಣೆಯಲ್ಲ. ಆದರೆ ಮುಂದಿನ ಸುಗ್ಗಿ ಹಬ್ಬದ ಏಲಂಗೆ ತಿಂಡಿ ಮಾಡುವುದಿಲ್ಲ, ಕೂಟದ ಚಂದಾವನ್ನು ಸಾಮಾನ್ಯ ನಿಧಿಗೆ ಕಟ್ಟುವುದಿಲ್ಲ, ಲೆಕ್ಕದ ಪ್ರಶ್ನೆಯನ್ನು ನ್ಯಾಸಗಳ ಮೇಲ್ವಿಚಾರಣೆ ನಡೆಸುವ ಚಾರಿಟಿ ಕಮಿಷನರ್ ಕಚೇರಿಗೆ ಒಯ್ಯುತ್ತೇವೆ. ಈ ತೀರ್ಮಾನವನ್ನು ನಾಲ್ಕೂ ಊರುಗಳ ಕೂಟಗಳು ಪ್ರಾರ್ಥನೆಯ ನಂತರ ಒಂದಾಗಿ ಕೈಗೊಂಡಿವೆ.

ಮಾನ್ಯ ಬಿಷಪರೇ, ಈ ಪತ್ರವನ್ನು ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಸೇರಿಸಿ, ಆ ದಿನ ನಮ್ಮನ್ನು ಒಳಗೆ ಕರೆಯಿರಿ.