ಆಮೆನ್ ಅಂದ ಮೇಲಿನ ಕೆಲಸ

ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮುಗಿದ ಮೇಲೆ ಬೇರೆಯವರ ಹೆಸರುಗಳು ಒಂದೊಂದಾಗಿ ಬರುತ್ತವೆ. ಡಯಾಲಿಸಿಸ್‌ಗೆ ಹೋಗಿಬರುತ್ತಿರುವ ಹಿರಿಯರು, ಕೆಲಸ ಕಳೆದುಕೊಂಡ ಹುಡುಗ, ಹೆರಿಗೆಗೆ ದಿನ ಎಣಿಸುತ್ತಿರುವ ಸೊಸೆ. ಒಬ್ಬರು ಓದುತ್ತಾರೆ, ಸಭೆಯೆಲ್ಲ ಒಂದೇ ದನಿಯಲ್ಲಿ ಓಗೊಡುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದನ್ನು ವಿಜ್ಞಾಪನೆ ಎನ್ನುತ್ತಾರೆ, ಕಥೋಲಿಕರು ವಿಶ್ವಾಸಿಗಳ ಪ್ರಾರ್ಥನೆ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಮುಗಿಯುವ ಈ ಭಾಗ ಇಡೀ ಆರಾಧನೆಯಲ್ಲೇ ಅತಿ ಭಾರವಾದದ್ದು. ಆ ಹೆಸರುಗಳಿಗೆ ಆಮೆನ್ ಅಂದವರ ಹೆಗಲಿಗೆ ಅಲ್ಲಿಯೇ ಒಂದು ಹೊಣೆ ಬಂದು ಕೂರುತ್ತದೆ.

ಪದ್ಧತಿ ಹಳೆಯದು. ಎಲ್ಲ ಮನುಷ್ಯರಿಗಾಗಿಯೂ ಅರಸರಿಗಾಗಿಯೂ ಬೇಡಿಕೊಳ್ಳಬೇಕೆಂಬ ಬುದ್ಧಿಮಾತು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ರೋಮನ್ ಪೂಜಾವಿಧಿಯಲ್ಲಿ ಶತಮಾನಗಳ ಕಾಲ ಹೆಚ್ಚುಕಡಿಮೆ ಮರೆಯಾಗಿದ್ದ ಈ ಸಾಮೂಹಿಕ ಪ್ರಾರ್ಥನೆಯನ್ನು ಮರಳಿ ತರಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ತೀರ್ಮಾನಿಸಿತು. ಧರ್ಮಸಭೆ, ನಾಡನ್ನು ಆಳುವವರು, ಸಂಕಟದಲ್ಲಿರುವವರು, ಲೋಕದ ಎಲ್ಲ ಜನ, ಹೀಗೆ ಬೇಡಿಕೆಯ ವ್ಯಾಪ್ತಿಯನ್ನೂ ಹೇಳಿತು. ತನ್ನ ಮನೆ, ತನ್ನ ಮಕ್ಕಳು ಎಂಬಲ್ಲಿಗೆ ಬೇಡಿಕೆ ನಿಂತುಬಿಡಬಾರದು ಎಂಬ ಕಾಳಜಿ ಅದರಲ್ಲಿತ್ತು.

ಇಂಥ ಬೇಡಿಕೆ ಹೇಗಿರಬೇಕು ಎಂಬುದಕ್ಕೆ ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ. ಕಪೆರ್ನೌಮಿನ ಒಂದು ಮನೆಯಲ್ಲಿ ಯೇಸು ಇದ್ದಾನೆ. ಬಾಗಿಲ ಹೊರಗೂ ಕಾಲಿಡಲು ಜಾಗವಿಲ್ಲ. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತಂದಿದ್ದಾರೆ. ಜನರ ಗುಂಪು ಕಂಡು ಅವರು ಹಿಂದಿರುಗಲಿಲ್ಲ. ಮಾಳಿಗೆ ಹತ್ತಿದರು, ಮೇಲಿನ ಮುಚ್ಚಿಗೆ ಬಗೆದರು, ಹಾಸಿಗೆಯನ್ನು ಒಳಗೆ ಇಳಿಬಿಟ್ಟರು. ಆ ನಾಲ್ವರು ಬಾಯಿಬಿಟ್ಟು ಏನನ್ನಾದರೂ ಕೇಳಿದರೆಂದು ಸುವಾರ್ತೆ ಹೇಳುವುದಿಲ್ಲ. ಯೇಸು 'ಅವರ' ನಂಬಿಕೆಯನ್ನು ಕಂಡನೆಂದಷ್ಟೇ ಹೇಳುತ್ತದೆ. ಅವರ ಪ್ರಾರ್ಥನೆ ಅವರ ತೋಳುಗಳಲ್ಲಿತ್ತು.

ಪ್ರಾರ್ಥನೆಯನ್ನು ಈ ತೋಳುಗಳಿಂದ ಬೇರ್ಪಡಿಸಿ ಅಳೆಯಹೊರಟ ಒಂದು ದೊಡ್ಡ ಪ್ರಯೋಗವೂ ನಡೆದಿದೆ. ಹಾರ್ವರ್ಡ್‌ನ ವೈದ್ಯ ಹರ್ಬರ್ಟ್ ಬೆನ್ಸನ್ ನೇತೃತ್ವದಲ್ಲಿ ಅಮೆರಿಕದ ಆರು ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪ್ರಾರ್ಥಿಸುವವರಿಗೆ ಕೊಟ್ಟದ್ದು ರೋಗಿಯ ಹೆಸರು ಮತ್ತು ಮನೆತನದ ಹೆಸರಿನ ಮೊದಲ ಅಕ್ಷರ ಮಾತ್ರ. ಪ್ರಾರ್ಥನೆ ಸಿಗಬಹುದು, ಸಿಗದಿರಬಹುದು ಎಂದು ತಿಳಿಸಲಾದ ಎರಡು ಗುಂಪುಗಳಿದ್ದವು. ಪ್ರಾರ್ಥನೆ ಸಿಕ್ಕವರಲ್ಲಿ ಶೇ. 52, ಸಿಗದವರಲ್ಲಿ ಶೇ. 51 ಜನರಿಗೆ ಶಸ್ತ್ರಚಿಕಿತ್ಸೆಯ ನಂತರ ತೊಡಕು ಕಾಣಿಸಿಕೊಂಡಿತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದ ಮೂರನೆಯ ಗುಂಪಿನಲ್ಲಿ ಆ ಪ್ರಮಾಣ ಶೇ. 59. ಪ್ರಾರ್ಥನೆ ಬೇಕಾಗುವಷ್ಟು ತನ್ನ ಸ್ಥಿತಿ ಕೆಟ್ಟಿದೆಯೇ ಎಂಬ ಆತಂಕವೇ ಇದಕ್ಕೆ ಕಾರಣವಿರಬಹುದು ಎಂಬ ಊಹೆ ಸಂಶೋಧಕರಿಂದಲೇ ಬಂತು.

ಪ್ರಾರ್ಥನೆ ಸುಳ್ಳೆಂದು ಇದರಿಂದ ಸಾಬೀತಾಯಿತೆಂದು ಕೆಲವರು ಸಂಭ್ರಮಿಸಿದರು, ದೇವರನ್ನು ಪರೀಕ್ಷಿಸಬಾರದೆಂದು ಇನ್ನು ಕೆಲವರು ಮುನಿದರು. ಗಮನಿಸಬೇಕಾದದ್ದು ಬೇರೆಯೇ ಇದೆ. ಆ ಪ್ರಯೋಗದಲ್ಲಿ ಪ್ರಾರ್ಥಿಸಿದವರು ರೋಗಿಯ ಮುಖ ನೋಡಿರಲಿಲ್ಲ, ಹಾಸಿಗೆಯ ಪಕ್ಕ ಕೂತಿರಲಿಲ್ಲ, ಕೈ ಹಿಡಿದಿರಲಿಲ್ಲ. ಅಪರಿಚಿತನ ಹೆಸರನ್ನು ದೇವರ ಮುಂದಿಡುವುದೂ ಪ್ರೀತಿಯ ಕೆಲಸವೇ. ಆದರೆ ಹತ್ತಿರದಲ್ಲೇ ನರಳುವವರ ವಿಷಯದಲ್ಲಿ ಅಷ್ಟಕ್ಕೇ ನಿಂತರೆ ಅದು ಅರ್ಧ ಪ್ರಾರ್ಥನೆ. ಹಸಿದವನಿಗೆ, ಬಟ್ಟೆಯಿಲ್ಲದವನಿಗೆ ಏನೂ ಕೊಡದೆ ಹರಸಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನ ಪತ್ರ ನೇರವಾಗಿಯೇ ಕೇಳುತ್ತದೆ. ರೋಗಿಗಾಗಿ ಪ್ರಾರ್ಥಿಸಿ ಎಣ್ಣೆ ಹಚ್ಚಿ ಎಂದು ಹೇಳುವುದೂ ಅದೇ ಪತ್ರ.

ಈ ಎರಡನ್ನೂ ಕೂಡಿಸಿ ನಡೆದವರ ಗುರುತು ಕರ್ನಾಟಕದಲ್ಲೇ ಇದೆ. ಜರ್ಮನ್ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದರು; ಊರು ದೂರವಿಟ್ಟಿದ್ದ ಕುಷ್ಠರೋಗಿಗಳಿಗೆ ಮುಂದೆ ಆಶ್ರಯ ಕಟ್ಟಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಮೈಸೂರಿನವರು ಇವತ್ತಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಶುರುವಾದದ್ದು 1906ರಲ್ಲಿ. ಕೋವಿಡ್ ಕಾಲದಲ್ಲಿ, ಸತ್ತವರನ್ನು ಮುಟ್ಟಲು ಮನೆಯವರೇ ಹೆದರುತ್ತಿದ್ದಾಗ, ಬೆಂಗಳೂರಿನ ಮರ್ಸಿ ಏಂಜಲ್ಸ್ ಎಂಬ ಸ್ವಯಂಸೇವಕರ ತಂಡ ಶವಗಳಿಗೆ ಹೆಗಲು ಕೊಟ್ಟಿತು.

ಈ ಬೇಡಿಕೆಗೆ ಧರ್ಮದ ಗೋಡೆಯೂ ಇಲ್ಲ. ಸೆಪ್ಟೆಂಬರ್ 8ರ ಹಬ್ಬದಲ್ಲಿ ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕದಲ್ಲೂ ಜನವರಿಯ ಜಾತ್ರೆಯಲ್ಲಿ ಕಾರ್ಕಳದ ಅತ್ತೂರು ಚರ್ಚಿನಲ್ಲೂ ಮೊಂಬತ್ತಿ ಹಚ್ಚುವ ಕೈಗಳಲ್ಲಿ ಹಿಂದೂ, ಮುಸ್ಲಿಂ ಕೈಗಳೂ ಇರುತ್ತವೆ. ಅಷ್ಟು ನಂಬಿಕೆಯಿಂದ ಬರುವವರ ಮುಂದೆ ಸಭೆಗಳಿಗೆ ಎಚ್ಚರವೂ ಬೇಕು. ಔಷಧ ಬಿಟ್ಟು ಪ್ರಾರ್ಥನೆಯನ್ನಷ್ಟೇ ನೆಚ್ಚಿಕೊಳ್ಳಿ ಎಂದು ರೋಗಿಗೆ ಹೇಳುವುದು ಅಪರಾಧಕ್ಕೆ ಸಮ. ಒಬ್ಬರ ಕಾಯಿಲೆಯನ್ನು, ಮನೆಯ ಜಗಳವನ್ನು ಅವರ ಒಪ್ಪಿಗೆಯಿಲ್ಲದೆ ಮೈಕಿನಲ್ಲಿ ಓದುವುದು ಪ್ರಾರ್ಥನೆಯ ಹೆಸರಿನ ಚಾಡಿ.

ಮಾಡಬಹುದಾದದ್ದು ಸರಳವಾಗಿದೆ. ಕೋರಿಕೆಗಳನ್ನು ಬರೆದಿಡುವ ಪುಸ್ತಕದಲ್ಲಿ ಪ್ರತಿ ಹೆಸರಿನ ಎದುರಿಗೆ ಇನ್ನೊಂದು ಸಾಲು ಬಿಡಲಿ. ಮಂಗಳವಾರ ಡಯಾಲಿಸಿಸ್‌ಗೆ ಯಾರು ಜೊತೆಗೆ ಹೋಗುತ್ತಾರೆ, ಬಾಣಂತಿಯ ಮನೆಗೆ ಯಾರು ಊಟ ಒಯ್ಯುತ್ತಾರೆ, ಕೆಲಸವಿಲ್ಲದ ಹುಡುಗನ ಅರ್ಜಿ ಬರೆಯಲು ಯಾರು ಕೂರುತ್ತಾರೆ ಎಂಬುದು ಅಲ್ಲಿ ತುಂಬಲಿ. ಮುಂದಿನ ಭಾನುವಾರ ಆ ಪುಸ್ತಕ ತೆರೆದಾಗ ಯಾವ ಸಾಲು ಖಾಲಿ ಉಳಿದಿದೆಯೋ, ಸಭೆ ಮೊದಲು ಆ ಹೆಸರಿನಿಂದಲೇ ಪ್ರಾರ್ಥನೆ ಶುರುಮಾಡಲಿ.