ಗಾಡಿಯ ಇಸವಿ ಬಿಡಿ, ಬ್ರೇಕು ನೋಡಿ

ದಂಡಿನಶಿವರ ಹೋಬಳಿಯ ಯಾವ ತೋಟದ ದಾರಿ ಹಿಡಿದರೂ ಎದುರಾಗುವ ವಾಹನ ಒಂದೇ ಬಗೆಯದು. ಹಿಂದೆ ಎರಡೂ ಬದಿಗೆ ಇಳಿಬಿಟ್ಟ ಎಳನೀರು ಗೊನೆ, ಕಾಲಿಡುವ ಜಾಗದಲ್ಲಿ ಹಿಂಡಿ ಮೂಟೆ, ಹ್ಯಾಂಡಲ್ಲಿಗೆ ಡೇರಿಯ ಹಾಲಿನ ಕ್ಯಾನು. ಇಷ್ಟನ್ನೂ ಹೊತ್ತಿರುವುದು 70 ಸಿಸಿಗೂ ತುಸು ಕಡಿಮೆಯ ಟಿವಿಎಸ್ ಎಕ್ಸೆಲ್ ಸೂಪರ್, ಇಲ್ಲವೇ ಪೇಟೆಯವರು ಓಡಿಸಿ ಮಾರಿದ 100 ಸಿಸಿಯ ಬೈಕು. ಡರ್ಟ್ ಬೈಕ್ ಎಂಬ ಹೆಸರಿನಲ್ಲಿ ಲಕ್ಷ ಮೀರಿದ ಬೆಲೆಗೆ ಶೋರೂಮಿನಲ್ಲಿ ನಿಂತಿರುವವು ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬದು, ಹೇಮಾವತಿ ನಾಲೆಯ ಏರಿ, ಮಳೆಗಾಲದ ಕೆಸರನ್ನು ದಿನಾ ದಾಟುವ ಮಣ್ಣುದಾರಿಯ ಗಾಡಿ ಇದೇ. ಇಂಥ ಹಳೆಯ ಸಣ್ಣ ಗಾಡಿಯನ್ನು ಕೈಗೆಟಕುವ ಖರ್ಚಿನಲ್ಲಿ ದುರಸ್ತಿ ಮಾಡಿಸಿ ಓಡಿಸುವುದು ಜಿಪುಣತನವಲ್ಲ, ಸರಿಯಾದ ಲೆಕ್ಕಾಚಾರ. ಅದರ ಆಯಸ್ಸನ್ನು ತೀರ್ಮಾನಿಸಬೇಕಾದ್ದು ಅದರ ಈಗಿನ ಸ್ಥಿತಿ. ನಮ್ಮ ನಿಯಮಗಳು ಮಾತ್ರ ಹುಟ್ಟಿದ ಇಸವಿಯನ್ನೇ ಹಿಡಿದುಕೊಂಡು ಕೂತಿವೆ.

ಸ್ವಂತ ಬಳಕೆಯ ವಾಹನದ ನೋಂದಣಿಗೆ ಹದಿನೈದು ವರ್ಷದ ಅವಧಿ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ದ್ವಿಚಕ್ರ ವಾಹನದ ನವೀಕರಣಕ್ಕೆ 300 ರೂಪಾಯಿ ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 1,000 ಆಯಿತು. 2025ರ ಆಗಸ್ಟ್‌ನಲ್ಲಿ, ಇಪ್ಪತ್ತು ವರ್ಷ ದಾಟಿದ ಗಾಡಿಗೆ ಅದು 2,000ಕ್ಕೆ ಏರಿತು. ಹಳೆಯದನ್ನು ಇಟ್ಟುಕೊಳ್ಳುವುದೇ ದುಬಾರಿಯಾದರೆ ಜನ ಗುಜರಿಗೆ ಹಾಕಿ ಹೊಸದು ಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ಎಣಿಕೆ. ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಲಾರಿಗೆ ಈ ಎಣಿಕೆ ಒಪ್ಪುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ, ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ಎಕ್ಸೆಲ್ಲಿಗೆ ಒಪ್ಪುವುದಿಲ್ಲ. ಅದರ ಹತ್ತು ವರ್ಷದ ಓಟ ಪೇಟೆಯ ಡೆಲಿವರಿ ಹುಡುಗನ ಒಂದೆರಡು ವರ್ಷದ ಓಟಕ್ಕೆ ಸಮ ಇದ್ದೀತು.

ಕೊಬ್ಬರಿ ಸೀಮೆಯ ದುಡ್ಡಿನ ಗತಿಯನ್ನೂ ಇಲ್ಲಿ ನೋಡಬೇಕು. ಉಂಡೆ ಕೊಬ್ಬರಿಗೆ ಹಾಕಿದ ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು, ನೀರು ಇಂಗಿ, ಆಮೇಲೆ ಸುಲಿಸಿಕೊಂಡು ತಿಪಟೂರಿನ ಮಾರುಕಟ್ಟೆ ಸೇರುತ್ತದೆ. ಹಣ ಬರುವುದು ಆಗ. ಗಾಡಿಯ ಸಾಲದ ಕಂತಾದರೋ ತಿಂಗಳು ತಿಂಗಳು ಬಂದು ನಿಲ್ಲುತ್ತದೆ. ಆ ಹಣವಾದರೂ ಎಷ್ಟು ಬಂದೀತೆಂದು ಮೊದಲೇ ಹೇಳುವವರಿಲ್ಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. 2025ರಲ್ಲಿ ಅದೇ ಕೊಬ್ಬರಿ ಬೆಂಬಲ ಬೆಲೆಯನ್ನು ಬಹಳ ಹಿಂದೆ ಬಿಟ್ಟು ಮೇಲೇರಿತು. ಇಂಥ ಏರಿಳಿತದಲ್ಲಿ ಬದುಕುವ ಮನೆಗೆ ಅರ್ಧ ಲಕ್ಷದ ಆಸುಪಾಸಿನ ಹೊಸ ಸಾಲಕ್ಕಿಂತ ಕೆಲವು ಸಾವಿರದ ದುರಸ್ತಿಯೇ ನಿಭಾಯಿಸಬಹುದಾದ ಖರ್ಚು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆಯಲ್ಲ, ಹೊಸದನ್ನೇ ಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಬೆಲೆ ಇಳಿದದ್ದು ಒಳ್ಳೆಯದೇ. ಆದರೂ ಕಂತು ಕಂತೇ. ಅದೂ ಅಲ್ಲದೆ ಬಿಡಿಭಾಗಗಳ ತೆರಿಗೆಯೂ ಶೇ 18ಕ್ಕೇ ಬಂದಿರುವುದರಿಂದ ದುರಸ್ತಿಯ ಖರ್ಚೂ ತಗ್ಗಬೇಕು.

ಹಾಗಂತ ಕಂಡ ಹಳೇ ಗಾಡಿಗೆಲ್ಲ ದುಡ್ಡು ಸುರಿಯಬೇಕೆಂದಲ್ಲ. ಕಡಿಮೆ ಖರ್ಚಿನ ದುರಸ್ತಿಗೆ ಒಂದು ಕ್ರಮವಿದೆ, ಅದು ತಪ್ಪಿದಲ್ಲೇ ಹಣ ಪೋಲಾಗುವುದು. ಮೊದಲು ಜೀವ ಉಳಿಸುವ ಭಾಗಗಳು: ಬ್ರೇಕ್ ಶೂ, ಕೇಬಲ್, ಟೈರು, ಚಕ್ರದ ಬೇರಿಂಗು, ಸಡಿಲಗೊಂಡ ಕಡ್ಡಿ, ಹ್ಯಾಂಡಲ್ಲಿನ ಕೋನ್‌ಸೆಟ್, ದೀಪ. ಮಣ್ಣುದಾರಿಯ ಕುಲುಕಾಟಕ್ಕೆ ಮೊದಲು ಸವೆಯುವುದೂ ಇವುಗಳಲ್ಲೇ ಹೆಚ್ಚು. ಬೆಲೆ ಕಡಿಮೆ ಇರುವುದೂ ಇವಕ್ಕೇ. ಚಾಸಿಯ ಬೆಸುಗೆ ಬಿರುಕು ಬಿಟ್ಟಿದ್ದರೆ, ತುಕ್ಕು ತೂತು ಮಾಡಿದ್ದರೆ ಆ ಗಾಡಿಯನ್ನು ಅಲ್ಲಿಗೇ ಬಿಡಬೇಕು. ಚಾಸಿ ಗಟ್ಟಿಯಿದ್ದರೆ ಮಾತ್ರ ಎಂಜಿನ್ನಿನ ಸರದಿ. ವರ್ಷಗಟ್ಟಲೆ ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಹೋಯಿತೆಂದು ಕೈಚೆಲ್ಲುವುದುಂಟು. ಎಷ್ಟೋ ಸಲ ಹೋಗಿರುವುದು ಕಾರ್ಬೊರೇಟರ್ ಮಾತ್ರ. ಹಳೇ ಪೆಟ್ರೋಲು ಆರಿ ಅಂಟಾಗಿ ಜೆಟ್ಟಿನ ಸಣ್ಣ ರಂಧ್ರ ಕಟ್ಟಿಕೊಂಡಿರುತ್ತದೆ, ಟ್ಯಾಂಕಿನ ತುಕ್ಕು ಅದರ ಮೇಲೆ ಕೂತಿರುತ್ತದೆ. ಬಿಚ್ಚಿ ತೊಳೆದು, ಪ್ಲಗ್ ಬದಲಿಸಿ, ಹಳೆಯ ಮಾದರಿಯಾದರೆ ಪಾಯಿಂಟಿನ ಅಂತರ ಸರಿಮಾಡಿದರೆ ಅರ್ಧ ರೋಗ ವಾಸಿ. ಕಂಪ್ರೆಶನ್ ಇಲ್ಲದಿದ್ದರೂ ಎಂಜಿನ್ ಎಸೆಯಬೇಕಿಲ್ಲ. ರಿಂಗು ಹೊಸದು ಹಾಕಬಹುದು. ಸಿಲಿಂಡರೇ ಸವೆದಿದ್ದರೆ ಲೇತಿನಲ್ಲಿ ಬೋರ್ ಮಾಡಿಸಿ ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ದೊಡ್ಡ ಪಿಸ್ಟನ್ ಕೂರಿಸಬಹುದು. ಬಣ್ಣ, ಸ್ಟಿಕ್ಕರು, ಹೊಳಪಿನ ಮಾತು ಇದೆಲ್ಲ ಮುಗಿದ ಮೇಲೆ.

ಈಚೆಗೆ ಇದಕ್ಕೊಂದು ಹೊಸ ಕೆಲಸ ಸೇರಿಕೊಂಡಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್. ಅದು ನೀರು ಹೀರಿಕೊಳ್ಳುತ್ತದೆ; ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಕೆಡಿಸುತ್ತದೆ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ವಿನ್ಯಾಸವಾಗಿ ಶೇ 10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳ ಮೈಲೇಜು ಶೇ 3ರಿಂದ 4ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಕಬ್ಬು, ಮೆಕ್ಕೆಜೋಳದ ರೈತರಿಗೆ ಎಥನಾಲಿನಿಂದ ಅನುಕೂಲವಿರಬಹುದು. ಆದರೆ ಹಳೆ ಗಾಡಿ ಈಗ ಬೇಗ ಕೆಡುತ್ತಿದ್ದರೆ ಪೂರಾ ತಪ್ಪು ವಯಸ್ಸಿನದಲ್ಲ. ಇಂಧನ ಬದಲಿಸಿದ ಸರ್ಕಾರಕ್ಕೆ ಅದಕ್ಕೆ ಒಗ್ಗುವ ಪೈಪು, ಸೀಲು ಹಳ್ಳಿಯ ಅಂಗಡಿಗೂ ತಲುಪುವಂತೆ ನೋಡಿಕೊಳ್ಳುವ ಹೊಣೆಯೂ ಇದೆ.

ಈ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಹೊಗೆಯದು. ಅದನ್ನು ತಳ್ಳಿಹಾಕುವಂತಿಲ್ಲ. ಕಾರ್ಬೊರೇಟರಿನ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಒಳಬಂದ ಇಂಧನದ ಒಂದು ಪಾಲು ಉರಿಯದೆಯೇ ಸೈಲೆನ್ಸರ್ ಸೇರುತ್ತದೆ. ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ಅದು ಫೋರ್ ಸ್ಟ್ರೋಕಿನಷ್ಟು ಶುದ್ಧವಾಗದು. ಕಿಕ್ಕಿರಿದ ಬೆಂಗಳೂರಿನಲ್ಲಿ ಇಂಥವನ್ನು ಬಿಡಬಾರದೆಂದರೆ ಒಪ್ಪುತ್ತೇನೆ. ಆದರೆ ಟೂ ಸ್ಟ್ರೋಕ್ ಗಾಡಿ ಉಗುಳುವ ನೀಲಿ ಹೊಗೆಯಲ್ಲಿ ದೊಡ್ಡ ಪಾಲು ನಿಗಾ ಇಲ್ಲದಿರುವುದರಿಂದಲೇ ಬರುವುದು. ಕಂಪನಿ ಹೇಳಿದ ಅಳತೆ ಬಿಟ್ಟು ಅಂದಾಜಿನಲ್ಲಿ ಸುರಿದ ಆಯಿಲ್, ಮಸಿ ಕಟ್ಟಿದ ಸೈಲೆನ್ಸರ್, ಸವೆದ ರಿಂಗು, ಮುಚ್ಚಿಹೋದ ಏರ್ ಫಿಲ್ಟರ್. ದುರಸ್ತಿ ದುಬಾರಿಯಾದಷ್ಟೂ ಈ ಹೊಗೆ ಹೆಚ್ಚುತ್ತದೆ. ನವೀಕರಣ ದುಬಾರಿಯಾದಷ್ಟೂ ಗಾಡಿ ದಾಖಲೆಯಿಂದ ಹೊರಗೆ ಬೀಳುತ್ತದೆ, ದಾರಿಯಿಂದಲ್ಲ. ಆರ್‌ಸಿ ಮುಗಿದ ಗಾಡಿಗೆ ವಿಮೆ ಮಾಡಿಸುವವರೂ ಇಲ್ಲ, ಹೊಗೆ ತಪಾಸಣೆಗೆ ಒಯ್ಯುವವರೂ ಇಲ್ಲ. 75 ಸಿಸಿ ಒಳಗಿನ ಗಾಡಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ಮೂಲ ದರ ವರ್ಷಕ್ಕೆ 538 ರೂಪಾಯಿ. ಅಷ್ಟನ್ನು ಕಟ್ಟಲು ಸಿದ್ಧನಿರುವ ರೈತ ವಿಮೆಯ ಆಚೆಗೇ ಉಳಿದರೆ, ಅವನ ಗಾಡಿ ಯಾರಿಗಾದರೂ ಬಡಿದ ದಿನ ನಷ್ಟ ಬಡಿಸಿಕೊಂಡವರಿಗೆ.

ಇನ್ನೊಂದು ಆಕ್ಷೇಪ ಹುಡುಗರದು. ಅಗ್ಗದ ಹಳೇ ಗಾಡಿ ಕೈಗೆ ಸಿಕ್ಕರೆ ಮಡ್‌ಗಾರ್ಡ್ ಕಿತ್ತು, ಸೈಲೆನ್ಸರ್ ಕೊಯ್ದು, ದೀಪವಿಲ್ಲದೆ ಕೆರೆ ಏರಿಯ ಮೇಲೆ ಹಾರಿಸುತ್ತಾರೆ ಎಂಬ ಭಯ. ಭಯ ನಿಜವೇ. ನೋಂದಣಿಯಲ್ಲಿ ಇರುವಂತಲ್ಲದೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅವರು ತಪ್ಪೆಸಗಿದರೆ ಹಿರಿಯರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದು 2019ರ ತಿದ್ದುಪಡಿ ಹೇಳುತ್ತದೆ. ಅವು ಜಾರಿಯಾಗಲಿ. ಹಾಳುಗೆಡಹುವುದೂ ದುರಸ್ತಿಯೂ ಒಂದೇ ಅಲ್ಲ. ಮಣ್ಣಿನಲ್ಲಿ ಗಾಡಿ ಓಡಿಸುವ ಹುಮ್ಮಸ್ಸು ಕೀಳೂ ಅಲ್ಲ, ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಅಂಥ ಹುಮ್ಮಸ್ಸಿನ ಹುಡುಗನಿಗೆ ಎಂಜಿನ್ ಬಿಚ್ಚಿ ಜೋಡಿಸಲು ಕಲಿಸುವ ಜಾಗ ಬೇಕು. ತಾಲ್ಲೂಕಿನ ಐಟಿಐಗಳಲ್ಲಿ ಹಳೇ ಗಾಡಿ ದುರಸ್ತಿಯ ಸಂಜೆ ತರಗತಿ ನಡೆಸುವುದು ದೊಡ್ಡ ಖರ್ಚಿನ ಮಾತಲ್ಲ.

ಬಿಡಿಭಾಗ ಸಿಕ್ಕರೆ ಗಾಡಿ ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಸಾಕ್ಷಿ ಕರ್ನಾಟಕದಲ್ಲೇ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ಓಡುತ್ತಿರುವುದಕ್ಕೆ ಬಿಡಿಭಾಗ ಮಾಡಿಕೊಡುವ ಸಣ್ಣ ತಯಾರಕರೂ ಪಳಗಿದ ಮೆಕ್ಯಾನಿಕ್‌ಗಳೂ ಕಾರಣ. ಆದರೆ ಅದು ಅಭಿಮಾನಿಗಳ ಗಾಡಿ, ಕೇಳಿದ ಬೆಲೆ ಕೊಡುವವರಿದ್ದಾರೆ. ಎಕ್ಸೆಲ್ಲಿಗೆ ಆ ಭಾಗ್ಯವಿಲ್ಲ, ಅದಕ್ಕೆ ಕಾನೂನಿನ ಆಸರೆ ಬೇಕು. ಬಿಡಿಭಾಗಗಳನ್ನು ಹೊರಗಿನವರಿಗೆ ಸಿಗದಂತೆ ಹಿಡಿದಿಟ್ಟದ್ದಕ್ಕೆ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆ ಸಮಿತಿ ಮಾಡಿ, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಹಕ್ಕು ಪೋರ್ಟಲಿನಲ್ಲಿ ಉಳಿದರೆ ಸಾಲದು. ಮಾದರಿಯೊಂದನ್ನು ನಿಲ್ಲಿಸಿದ ಮೇಲೂ ಇಷ್ಟು ವರ್ಷ ಬಿಡಿಭಾಗ ಪೂರೈಸಲೇಬೇಕೆಂದು ಕಾಯ್ದೆ ಕಂಪನಿಗಳಿಗೆ ಹೇಳಬೇಕು. ಹಾಗೆಯೇ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರ, ಬೀಗ ಮಾಡುವವ, ದರ್ಜಿ ಎಲ್ಲರೂ ಇದ್ದಾರೆ, ಗಾಡಿ ಮೆಕ್ಯಾನಿಕ್ ಇಲ್ಲ. ಹಳ್ಳಿಯ ಬದುಕನ್ನು ನಿಲ್ಲದಂತೆ ನಡೆಸುವ ಕೈಗಳಲ್ಲಿ ಅವನದೂ ಒಂದು. ಅವನನ್ನು ಆ ಪಟ್ಟಿಗೆ ಸೇರಿಸಬೇಕು.

ರಾಜ್ಯ ಸರ್ಕಾರ ದೆಹಲಿಯನ್ನು ಕಾಯದೆ ಮಾಡಬಹುದಾದ ಕೆಲಸವೊಂದಿದೆ. ನವೀಕರಣಕ್ಕೆಂದು ಪ್ರತಿ ಗಾಡಿಯೂ ಸಾರಿಗೆ ಕಚೇರಿಯವರೆಗೆ ಹೋಗಬೇಕಾದ ಬದಲು, ಮೋಟಾರು ವಾಹನ ನಿರೀಕ್ಷಕರೇ ವರ್ಷಕ್ಕೆರಡು ಸಲ ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟದಂಥ ಹೋಬಳಿ ಕೇಂದ್ರಗಳಿಗೆ ಬರಲಿ. ಹೊಗೆ ಅಳೆಯುವ ಯಂತ್ರ ತರಲಿ, ವಿಮೆಯವರನ್ನೂ ಕೂರಿಸಿಕೊಳ್ಳಲಿ, ಬ್ರೇಕು ಹಿಡಿದು ನೋಡಲಿ. ಹಿಡಿಯದ ಗಾಡಿಗೆ ದುರಸ್ತಿಗೆಂದು ಒಂದು ತಿಂಗಳ ಗಡುವು ಕೊಡಲಿ, ಆಗಲೂ ಸರಿಯಾಗದ್ದನ್ನು ರದ್ದು ಮಾಡಲಿ. ಪರೀಕ್ಷೆ ಗೆದ್ದ 100 ಸಿಸಿ ಒಳಗಿನ ಗಾಡಿಗೆ, ಅದು ಯಾವ ಇಸವಿಯದೇ ಇರಲಿ, ಮೊದಲಿದ್ದ 300 ರೂಪಾಯಿಯನ್ನಷ್ಟೇ ಉಳಿಸಿ ಎಂದು ಕೇಂದ್ರಕ್ಕೆ ಬರೆಯಲಿ.