ಶಿಬಿರದ ಊರೂ ಪಾಠದ ಊರೂ ಒಂದೇ ಆಗಲಿ

ನಮ್ಮ ಶಿಕ್ಷಕ ಶಿಕ್ಷಣ ಕಾಲೇಜುಗಳ ಪ್ರಶಿಕ್ಷಣಾರ್ಥಿಗಳು ಸಮುದಾಯದ ಬಾಗಿಲಿಗೆ ಹೋಗುವುದು ಎರಡು ದಾರಿಯಲ್ಲಿ. ಒಂದು, ಪೌರತ್ವ ತರಬೇತಿ ಶಿಬಿರ ಅಥವಾ ಎನ್‌ಎಸ್‌ಎಸ್ ವಿಶೇಷ ಶಿಬಿರ. ಇನ್ನೊಂದು, ಪಾಠಾಭ್ಯಾಸ, ಈಗಿನ ಹೆಸರಿನಲ್ಲಿ ಶಾಲಾ ಇಂಟರ್ನ್‌ಶಿಪ್. ಶಿಬಿರ ಈ ವರ್ಷ ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿಯಲ್ಲಾದರೆ, ಮುಂದಿನ ವರ್ಷ ಕಲಘಟಗಿ ಕಡೆ, ಅದರ ಮುಂದಿನ ವರ್ಷ ಇನ್ನೆಲ್ಲೋ. ಪಾಠಾಭ್ಯಾಸ ಮಾತ್ರ ಹೆಚ್ಚಾಗಿ ಕಾಲೇಜಿಗೆ ಹತ್ತಿರದ ಶಾಲೆಗಳಲ್ಲಿಯೇ. ಶಿಬಿರದ ಊರಿನ ಮಕ್ಕಳಿಗೆ ನಾವು ಪಾಠ ಮಾಡುವುದಿಲ್ಲ. ಪಾಠ ಮಾಡಿದ ಮಕ್ಕಳ ಮನೆ ನಾವು ನೋಡಿರುವುದಿಲ್ಲ. ಈ ಎರಡು ದಾರಿಗಳನ್ನು ಒಂದೇ ಊರಿನಲ್ಲಿ ಕೂಡಿಸಬೇಕು, ಕನಿಷ್ಠ ಮೂರು ವರ್ಷ ಆ ಊರನ್ನು ಬಿಡಬಾರದು ಎಂಬುದು ನನ್ನ ವಾದ.

ಶಿಬಿರ ನಡೆಸಿದವರಿಗೆಲ್ಲ ಅದರ ದಿನಚರಿ ಗೊತ್ತು. ಬೆಳಿಗ್ಗೆ ಪ್ರಭಾತಫೇರಿ, ಯೋಗ, ಉಪಾಹಾರ, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಏಳನೆಯ ದಿನ ಸಮಾರೋಪ, ಸನ್ಮಾನ, ಗುಂಪು ಫೋಟೊ. ಟೆಂಪೊ ಹೊರಟು ನಿಂತಾಗ ಊರ ಹೆಣ್ಣುಮಕ್ಕಳು ಕೇಳುವ ಮಾತು ಒಂದೇ: “ಮತ್ತ ಯಾವಾಗ ಬರ್ತೀರಿ?” ಅದು ಬರಿಯ ಉಪಚಾರದ ಮಾತಲ್ಲ. ಆದರೆ ಉತ್ತರ ಕೊಡಬಲ್ಲವರು ನಮ್ಮಲ್ಲಿ ಯಾರೂ ಇರುವುದಿಲ್ಲ. ಪ್ರಶಿಕ್ಷಣಾರ್ಥಿಗಳಿಗೆ ವರದಿ ಬರೆಯುವುದಿದೆ, ನಮಗೆ ಮುಂದಿನ ವರ್ಷದ ಊರು ಹುಡುಕುವುದಿದೆ.

ಶಿಬಿರದ ಕಾಲವನ್ನೇ ನೋಡಿರಿ. ಪರೀಕ್ಷೆ, ಪ್ರವೇಶ, ಇಂಟರ್ನ್‌ಶಿಪ್ ಎಲ್ಲವನ್ನೂ ಕಳೆದು ಉಳಿಯುವುದು ಬಹುತೇಕ ಜನವರಿಯಿಂದ ಮಾರ್ಚ್‌. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿ ಭೂಮಿಯಲ್ಲಿ ಅದು ಹಿಂಗಾರಿ ಸುಗ್ಗಿ. ಕಡಲೆ ಕೀಳಬೇಕು, ಜೋಳ ಕೊಯ್ಯಬೇಕು, ಮೆಣಸಿನಕಾಯಿ ಒಣಗಿಸಬೇಕು. ಬೆಳಕು ಹರಿಯುವ ಹೊತ್ತಿಗೆ ಊರೇ ಹೊಲದಲ್ಲಿರುತ್ತದೆ. ದೊಡ್ಡ ತರಗತಿಯ ಮಕ್ಕಳೂ ಕೆಲವರು ಅಲ್ಲಿಯೇ. ಅಂಥ ದಿನ ಹನ್ನೊಂದು ಗಂಟೆಗೆ ಗುಡಿಯ ಪೌಳಿಯಲ್ಲಿ ‘ಗ್ರಾಮೀಣಾಭಿವೃದ್ಧಿಯಲ್ಲಿ ಯುವಕರ ಪಾತ್ರ’ ಎಂಬ ಉಪನ್ಯಾಸ ಇಟ್ಟರೆ ಕೇಳುವವರು ಯಾರು? ನಮ್ಮ ಶಿಬಿರಾರ್ಥಿಗಳು, ಮತ್ತು ಹೊಲಕ್ಕೆ ಹೋಗಲಾರದ ನಾಲ್ಕು ಮಂದಿ ಹಿರಿಯರು. ಅವರಾದರೂ ಊಟದ ವಾಸನೆ ಬರುವ ತನಕ ಕೂಡುತ್ತಾರೆ ಎಂದರೆ ನಮ್ಮ ಮೇಲಿನ ಕರುಣೆಯಿಂದ.

ಇನ್ನು ಶ್ರಮದಾನ. ನಮ್ಮ ಶಿಬಿರಗಳಿಗೆ ಬಹಳ ಪ್ರಿಯವಾದದ್ದು ಇಂಗುಗುಂಡಿ. ಕಲಘಟಗಿ ಕಡೆಯ ಕೆಂಪು ಮಸಾರಿಯಲ್ಲಿ ಒಂದು ಆಳು ಗುಂಡಿ ತೋಡಿ ಕಲ್ಲು ತುಂಬಿದರೆ ಬಚ್ಚಲ ನೀರು ಇಂಗುತ್ತದೆ. ಅದೇ ಗುಂಡಿಯನ್ನು ನವಲಗುಂದದ ಕರಿಮಣ್ಣಿನಲ್ಲಿ ತೋಡಿದರೆ? ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಮೇಲೆ ನೀರನ್ನು ಕೆಳಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಅರಲು. ಅಲ್ಲಿ ಆ ಗುಂಡಿ ಸೊಳ್ಳೆಗಳ ತೊಟ್ಟಿಲಾಗುತ್ತದೆ. ಆದರೂ ಎರಡೂ ಕಡೆ ನಮ್ಮ ಕಾರ್ಯಯೋಜನೆಯಲ್ಲಿ ಅದೇ ಗುಂಡಿ, ಅದೇ ಅಳತೆ. ಫೆಬ್ರುವರಿಯಲ್ಲಿ ಸಸಿ ನೆಡುವ ಸಂಭ್ರಮವೂ ಇದೇ ಜಾತಿಯದು. ಸಸಿ ನೆಟ್ಟವರು ಮರುದಿನ ಹೊರಟರೆ, ಕುಡಿಯುವ ನೀರಿಗೇ ಕೆರೆ ನಂಬಿದ ಊರಿನಲ್ಲಿ ಅದಕ್ಕೆ ಕೊಡ ನೀರು ಹಾಕುವವರು ಯಾರು? ವಿಜ್ಞಾನ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳು ಮಣ್ಣಿನ ವಿಧಗಳ ಮೇಲೆ ಒಳ್ಳೆಯ ಪಾಠಯೋಜನೆ ಬರೆಯುತ್ತಾರೆ, ಚಾರ್ಟು ಮಾಡುತ್ತಾರೆ. ಆ ಪಾಠ ಮತ್ತು ಈ ಗುಂಡಿ ಒಂದಕ್ಕೊಂದು ಭೇಟಿಯಾಗಿರುವುದಿಲ್ಲ, ಅಷ್ಟೆ.

ಮಣ್ಣು ಅಗೆಯುವ ಸೇವೆಯ ಬಗ್ಗೆ ನನಗೆ ಇನ್ನೊಂದು ತಕರಾರಿದೆ. ಗಟಾರ ಸ್ವಚ್ಛತೆ ಗ್ರಾಮ ಪಂಚಾಯತಿಯ ಹೊಣೆ. ಕೆರೆಯ ಹೂಳು, ಬದು, ಕಾಲುವೆಗಳಂಥ ಕೆಲಸಕ್ಕೆ ಕೂಲಿ ಕೊಡುವ ವ್ಯವಸ್ಥೆ 2005ರ ಉದ್ಯೋಗ ಖಾತ್ರಿ ಕಾಯ್ದೆಯಿಂದಲೇ ಬಂದಿದೆ. ಆ ಕೂಲಿಗಾಗಿ ಕಾಯುವವರಿರುವ ಊರಿನಲ್ಲಿ ನಾವು ಪುಕ್ಕಟೆ ಅಗೆದು ಬಂದರೆ ಅದು ಸೇವೆಯೋ ಅಲ್ಲವೋ ಎಂದು ಒಮ್ಮೆ ಯೋಚಿಸಬೇಕು. ಶ್ರಮದಾನ ಬೇಡವೆಂದು ಹೇಳುತ್ತಿಲ್ಲ. ಕೈಗೆ ಮಣ್ಣು ಹತ್ತದ ಶಿಕ್ಷಕ ಮಣ್ಣಿನ ಮಕ್ಕಳಿಗೆ ಪಾಠ ಹೇಳುವುದು ಕಷ್ಟ. ಆದರೆ ನಲವತ್ತು, ಐವತ್ತು ಮಂದಿ ಭಾವೀ ಶಿಕ್ಷಕರು ಒಂದು ಊರಿಗೆ ಬಂದಾಗ, ಆ ಊರಿಗೆ ಬೇರೆ ಯಾರೂ ಕೊಡಲಾರದ್ದನ್ನು ಕೊಡಬೇಕಲ್ಲವೆ? ನಾಲ್ಕನೆಯ, ಐದನೆಯ ತರಗತಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳ ಪಕ್ಕದಲ್ಲಿ ಒಬ್ಬೊಬ್ಬರಾಗಿ ಕೂತು ಓದಿಸುವುದು. ಪಂಚಾಯತಿಯ ಅರಿವು ಕೇಂದ್ರದ ಪುಸ್ತಕಗಳನ್ನು ಕಪಾಟಿನಿಂದ ಹೊರತೆಗೆದು ಸಂಜೆ ಮಕ್ಕಳ ಕೈಗೆ ಹಚ್ಚುವುದು. ಶಾಲೆ ಬಿಟ್ಟ ಹುಡುಗಿಯ ಮನೆಯ ಕಟ್ಟೆಯ ಮೇಲೆ ತಾಯಿಯ ಜತೆ ಕೂತು ಕಾರಣ ಕೇಳುವುದು. ಇವು ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ. ಏಳು ದಿನಗಳಲ್ಲಿ ಮುಗಿಯುವುದೂ ಇಲ್ಲ. ಅದಕ್ಕೇ ಊರು ಬದಲಿಸಬಾರದು ಎನ್ನುವುದು.

ನಿಯಮಗಳೇನೂ ನಮಗೆ ಅಡ್ಡ ಬರುವುದಿಲ್ಲ. ಎನ್‌ಎಸ್‌ಎಸ್ ಆರಂಭವಾದದ್ದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ, 40,000 ಸ್ವಯಂಸೇವಕರೊಡನೆ. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದವರು ಡಾ. ವಿ.ಕೆ.ಆರ್.ವಿ. ರಾವ್. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ಒಂದು ವಿಶೇಷ ಶಿಬಿರ ಎಂಬುದು ಅದರ ಲೆಕ್ಕ. ಗಮನಿಸಿರಿ: ತೂಕವಿರುವುದು 240 ಗಂಟೆಗಳ ಮೇಲೆ. ಶಿಬಿರ ಅದರ ಒಂದು ಅಂಗ. ದತ್ತು ಗ್ರಾಮದ ಕಲ್ಪನೆಯೂ ಯೋಜನೆಯ ಒಳಗೇ ಇದೆ. ನಾವು ಏಳು ದಿನಗಳನ್ನು ಹಬ್ಬ ಮಾಡಿ, ಉಳಿದ ಗಂಟೆಗಳನ್ನು ಕಾಲೇಜಿನ ಆವರಣದ ಕಸ ತೆಗೆಯುವುದರಲ್ಲಿ ತುಂಬಿಸುತ್ತೇವೆ. ಬಿ.ಇಡಿ. ಕಡೆ ನೋಡಿದರೆ, ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಎರಡು ವರ್ಷಗಳಲ್ಲಿ 20 ವಾರಗಳ ಶಾಲಾನುಭವವಿದೆ, ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿಯೇ. ಶಾಲೆಯಲ್ಲಿ 16 ವಾರ ಇರುವ ಪ್ರಶಿಕ್ಷಣಾರ್ಥಿಗೆ ಸೇವೆಯ ಗಂಟೆಗಳನ್ನು ಬೇರೆ ಊರಿನಲ್ಲಿ ಹುಡುಕುವ ಅಗತ್ಯವೇನಿದೆ?

ಸ್ವಯಂಸೇವೆಯ ವಿಷಯದಲ್ಲಿ ಧಾರವಾಡದ ನೆಲಕ್ಕೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರರು ಅಮೆರಿಕದಲ್ಲಿ ಓದಿ ಬಂದು ಹುಬ್ಬಳ್ಳಿಯಲ್ಲಿ ತರುಣರನ್ನು ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹಲವರು ಕ್ಷಮೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯ ತಂಡ ಗಟ್ಟಿಯಾಗಿ ನಿಂತಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದಲ್ಲಿ ಅವರ ಸ್ವಯಂಸೇವಕರು ದುಡಿದರು. ಆ ತರುಣರು ಸೆರೆಯಲ್ಲಿ ಗಟ್ಟಿಯಾಗಿ ನಿಂತದ್ದಕ್ಕೆ ಕವಾಯತು ಒಂದು ಕಾರಣವಿರಬಹುದು. ಅದಕ್ಕಿಂತ ದೊಡ್ಡ ಕಾರಣ, ಅವರು ಮೊದಲೇ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು, ಕೂಡಿ ಉಂಡವರಾಗಿದ್ದರು ಎಂದು ನನ್ನ ಎಣಿಕೆ. ಸೇವೆಗೆ ಸ್ನೇಹ ಬೇಕು.

ಇಲ್ಲಿ ಸ್ನೇಹದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಶಿಬಿರಗಳಲ್ಲಿ ಸ್ನೇಹವೆಂದರೆ ಕೊನೆಯ ರಾತ್ರಿಯ ಶಿಬಿರಾಗ್ನಿ ಮತ್ತು ಹಾಡು ಎಂದಾಗಿದೆ. ಮಲಗುವ ಕೋಣೆಗೆ ಬಂದರೆ ಗಣಿತ ಪದ್ಧತಿಯವರು ಒಂದು ಮೂಲೆ, ಕನ್ನಡ ಪದ್ಧತಿಯವರು ಇನ್ನೊಂದು. ಒಂದೇ ತಾಲ್ಲೂಕಿನವರು ಒಂದು ಹಾಸಿಗೆ. ಜಾತಿಯೂ ಆ ಗೆರೆಗಳಲ್ಲಿ ಸೇರಿರುತ್ತದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಡುಗೆಯ ತಂಡ ಮಾಡುವಾಗ ಹೆಸರುಗಳನ್ನು ಚೀಟಿ ಎತ್ತಿ ಹಾಕಿರಿ; ಆ ಗೆರೆಗಳು ಎಲ್ಲೆಲ್ಲಿ ಇದ್ದವು ಎಂದು ತಾವೇ ಕಾಣಿಸಿಕೊಳ್ಳುತ್ತವೆ. ಕೂಡಿ ಹಿಟ್ಟು ನಾದಿದವರ ನಡುವಿನ ಮಾತೇ ಬೇರೆ. ಊರಿನೊಡನೆ ಸ್ನೇಹವೂ ಹಾಗೆಯೇ. ಗುತ್ತಿಗೆ ಅಡುಗೆಯವರನ್ನು ಪಟ್ಟಣದಿಂದ ಕರೆತಂದು ಅನ್ನ ಸಾರು ಮಾಡಿಸುವುದಕ್ಕಿಂತ, ಮನೆಗೆ ಇಬ್ಬರಂತೆ ಒಂದು ಹೊತ್ತಿನ ರೊಟ್ಟಿಗೆ ಹೋಗುವುದು ಮೇಲು. ರೊಟ್ಟಿ ತಟ್ಟುವ ತಾಯಿ ಹತ್ತು ನಿಮಿಷದಲ್ಲಿ ತನ್ನ ಮಗ ಶಾಲೆಯಲ್ಲಿ ಏನು ಮಾಡುತ್ತಾನೆ, ಏಕೆ ಮಾಡುವುದಿಲ್ಲ ಎಂದು ಹೇಳುತ್ತಾಳೆ. ಪ್ರಶ್ನಾವಳಿ ಹಿಡಿದು ಮನೆಮನೆ ಸಮೀಕ್ಷೆ ಮಾಡಿದಾಗ ಅದೇ ತಾಯಿ ಹೇಳುವುದು ವಯಸ್ಸು ಮತ್ತು ಎಕರೆ ಮಾತ್ರ.

ಕಾಲೇಜು ಕಾಲೇಜುಗಳ ನಡುವಿನ ಸ್ನೇಹ ನಮ್ಮಲ್ಲಿ ಇನ್ನೂ ಬಡವಾಗಿದೆ. 1968ರಲ್ಲಿ ಶುರುವಾದ ರೋಟರಾಕ್ಟ್ ಎಂಬ ತರುಣರ ಕ್ಲಬ್ಬುಗಳ ಧ್ಯೇಯವಾಕ್ಯವೇ ಸೇವೆಯ ಮೂಲಕ ಸ್ನೇಹ. ಕೆರಿಬಿಯನ್ ಸಮುದ್ರದ ಪೂರ್ವಕ್ಕೆ ಬಾರ್ಬಡೋಸ್, ಟ್ರಿನಿಡಾಡ್ ಮೊದಲಾದ ದ್ವೀಪಗಳಿವೆ. ನಾಣ್ಯ ಬೇರೆ, ಸರ್ಕಾರ ಬೇರೆ, ಕೆಲವು ಕಡೆ ಭಾಷೆಯೂ ಬೇರೆ, ನಡುವೆ ಸಮುದ್ರ. ಅಲ್ಲಿನ ಕ್ಲಬ್ಬುಗಳು ರೋಟರಿಯ ಒಂದೇ ಜಿಲ್ಲೆಯಡಿ ಸೇರಿವೆ. ನಮಗೆ ಸಮುದ್ರವಿಲ್ಲ. ಕಲಘಟಗಿ ಮತ್ತು ನವಲಗುಂದ ಒಂದೇ ಹೆದ್ದಾರಿಯ ಮೇಲಿವೆ, ನಡುವೆ ಹುಬ್ಬಳ್ಳಿ. ಆದರೂ ಅರೆಮಲೆನಾಡಿನ ಭತ್ತದ ಗದ್ದೆ ನೋಡದ ನವಲಗುಂದದ ಪ್ರಶಿಕ್ಷಣಾರ್ಥಿ, ಬೆಣ್ಣಿಹಳ್ಳ ಉಕ್ಕಿದರೆ ಊರುಗಳ ಗತಿ ಏನಾಗುತ್ತದೆ ಎಂದು ಅರಿಯದ ಕಲಘಟಗಿಯ ಪ್ರಶಿಕ್ಷಣಾರ್ಥಿ ನಮ್ಮ ತರಗತಿಗಳಲ್ಲಿ ಬೇಕಾದಷ್ಟಿದ್ದಾರೆ. ಕಲಘಟಗಿಯ ತೊಟ್ಟಿಲು, ನವಲಗುಂದದ ಜಮಖಾನೆ ಎರಡನ್ನೂ ಸಾಮಾನ್ಯ ಜ್ಞಾನದ ಉತ್ತರವಾಗಿ ಬಲ್ಲರು. ಬಣ್ಣ ಹಚ್ಚುವ, ನೇಯುವ ಕೈ ನೋಡಿಲ್ಲ. 1980ರ ಜುಲೈ 21 ನರಗುಂದ, ನವಲಗುಂದದ ರೈತರಿಗೆ ಏನು ದಿನ ಎಂಬುದನ್ನು ಸಮಾಜ ವಿಜ್ಞಾನ ಪದ್ಧತಿಯ ಪ್ರಶಿಕ್ಷಣಾರ್ಥಿ ಆ ಊರುಗಳಲ್ಲಿ ಕೂತು ಕೇಳಬೇಕು. ಆದರೆ ಅದು ಮಳೆಗಾಲ. ಶಿಬಿರ ಮುಗಿದು ತಿಂಗಳುಗಳಾಗಿರುತ್ತವೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ದೂರದ ಹಳ್ಳಿಯ ಶಾಲೆಗೆ ಪಾಠ ವೀಕ್ಷಣೆಗೆ ಹೋಗುವವರು ಯಾರು ಎಂಬುದು ಮೊದಲನೆಯದು, ಮತ್ತು ನಿಜವಾದದ್ದು. ಇರುವ ಸಿಬ್ಬಂದಿಯಲ್ಲಿ ಎಲ್ಲ ಪ್ರಶಿಕ್ಷಣಾರ್ಥಿಗಳನ್ನೂ ಹಳ್ಳಿಗೆ ಕಳುಹಿಸುವುದು ಆಗದ ಮಾತು. ಎಲ್ಲರನ್ನೂ ಕಳುಹಿಸಬೇಕೆಂದು ನಾನು ಕೇಳುತ್ತಿಲ್ಲ. ಒಂದು ತಂಡ, ಹತ್ತು ಹನ್ನೆರಡು ಮಂದಿ, ಶಿಬಿರದ ಊರಿನ ಶಾಲೆಯಲ್ಲಿಯೇ ಇಂಟರ್ನ್‌ಶಿಪ್ ಮಾಡಲಿ. ಉಳಿದವರು ತಿಂಗಳಿಗೊಂದು ಶನಿವಾರ ಅಲ್ಲಿಗೆ ಬರಲಿ. ಹೆಣ್ಣುಮಕ್ಕಳ ವಸತಿಯ ಪ್ರಶ್ನೆ ಎರಡನೆಯದು. ಇದನ್ನು ಹಗುರವಾಗಿ ತಳ್ಳಿಹಾಕುವವರು ಶಾಲೆಯ ಕೋಣೆಯಲ್ಲಿ ಏಳು ರಾತ್ರಿ ಕಳೆದವರಲ್ಲ. ನೀರು ಬರುವ, ಒಳಗಿನಿಂದ ಅಗಳಿ ಹಾಕಲು ಬರುವ ಶೌಚಾಲಯ ಇಲ್ಲದ ಊರನ್ನು ಆರಿಸಲೇಬಾರದು. ಅಥವಾ ಅದನ್ನು ಸರಿಪಡಿಸುವುದೇ ಪಂಚಾಯತಿ ಮತ್ತು ಕಾಲೇಜಿನ ಮೊದಲ ಒಪ್ಪಂದವಾಗಲಿ. ಶಿಬಿರಾರ್ಥಿಗಳಿಗೆ ಒಗ್ಗದ ಶೌಚಾಲಯ ಆ ಶಾಲೆಯ ಏಳನೆಯ ತರಗತಿಯ ಹುಡುಗಿಗೆ ಮಾತ್ರ ಒಗ್ಗುತ್ತದೆಯೆ? ಮೂರನೆಯದು, ಒಂದೇ ಊರಿಗೆ ಮೂರು ವರ್ಷ ಹೋದರೆ ಊರ ರಾಜಕಾರಣ ಮೈಗೆ ಹತ್ತುತ್ತದೆ ಎಂಬ ಅಂಜಿಕೆ. ಹತ್ತಲಿ. ನೌಕರಿ ಸಿಕ್ಕ ಮೇಲೆ ಅದರ ನಡುವೆಯೇ ಅವರು ಬದುಕಬೇಕು. ಎಸ್‌ಡಿಎಂಸಿ ಸಭೆಯಲ್ಲಿ ಎರಡು ಪಂಗಡಗಳ ನಡುವೆ ಕೂಡುವುದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. 2020ರಲ್ಲಿ ಶಾಲೆ ಮುಚ್ಚಿ ವಿದ್ಯಾಗಮ ಬಂದಾಗ ಗುಡಿ, ಮಸೀದಿ, ಗಿಡದ ಕಟ್ಟೆಗಳಲ್ಲಿ ಪಾಠ ಮಾಡಬೇಕಾಯಿತು. ಯಾವ ಕಟ್ಟೆಗೆ ಯಾರ ಮಕ್ಕಳು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಬಲ್ಲ ಶಿಕ್ಷಕರಿಗೇ ಅದು ಸಾಧ್ಯವಾಗುವಂಥದ್ದು.

ಮೌಲ್ಯಮಾಪನದ ಬಗ್ಗೆ ಒಂದು ಮಾತು ಸಾಕು. ಶಿಬಿರದ ಅಂಕಗಳು ಈಗ ಹಾಜರಾತಿ ಮತ್ತು ವರದಿಯ ಮೇಲೆ ನಿಂತಿವೆ. ವರದಿಗಳೋ, ಹಿಂದಿನ ವರ್ಷದ್ದನ್ನು ತೆಗೆದು ಊರ ಹೆಸರು ಬದಲಿಸಿದಂತಿರುತ್ತವೆ. ಅದರ ಬದಲು ಪ್ರತಿ ಪ್ರಶಿಕ್ಷಣಾರ್ಥಿಯೂ ಆ ಊರಿನಿಂದ ಎತ್ತಿಕೊಂಡ ಸಂಗತಿಯ ಮೇಲೆ ಒಂದು ಪಾಠಯೋಜನೆ ಬರೆದು, ಅದೇ ಊರಿನ ಶಾಲೆಯಲ್ಲಿ ಪಾಠ ಮಾಡಲಿ. ಕೆರೆಯ ನೀರಿನ ಲೆಕ್ಕ ಗಣಿತಕ್ಕೆ, ಎರಿ ಮಣ್ಣಿನ ಬಿರುಕು ವಿಜ್ಞಾನಕ್ಕೆ, ಅಜ್ಜಿಯ ಬೀಸುಕಲ್ಲಿನ ಪದ ಕನ್ನಡಕ್ಕೆ. ಅಂಕ ಅದಕ್ಕಿರಲಿ.

ಈ ವರ್ಷದ ಕ್ರಿಯಾಯೋಜನೆ ತಯಾರಾಗುವ ಮುನ್ನ ಮಾಡಬಹುದಾದದ್ದು ಇಷ್ಟು: ಎರಿ ಭೂಮಿಯ ಕಡೆಯ ಒಂದು ಕಾಲೇಜು ಮತ್ತು ಕಲಘಟಗಿ ಕಡೆಯ ಊರನ್ನು ಹಿಡಿದ ಒಂದು ಕಾಲೇಜು ಜೋಡಿಯಾಗಿ, ತಲಾ ಹತ್ತು ಮಂದಿಯನ್ನು ಮೂರು ದಿನ ಅದಲು ಬದಲು ಮಾಡಿಕೊಳ್ಳುವುದು. ಕೆಲಸದ ಪಟ್ಟಿಯನ್ನು ನಾವು ಬರೆಯದೆ, ಮುಖ್ಯೋಪಾಧ್ಯಾಯರು ಮತ್ತು ಎಸ್‌ಡಿಎಂಸಿಯಿಂದ ಕೇಳಿ ತರುವುದು. ತಾರೀಖನ್ನು ಕಡಲೆ ಕೀಳುವ ಮೊದಲೋ ಜೋಳದ ರಾಶಿ ಮುಗಿದ ಮೇಲೋ ಇಡುವುದು, ಅದನ್ನೂ ಊರವರನ್ನು ಕೇಳಿಯೇ. ಪ್ರಯಾಣದ ಖರ್ಚಿನ ಪ್ರಶ್ನೆ ಎತ್ತುವವರಿಗೆ ಉತ್ತರವಿದೆ: ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಮತ್ತು 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಹಣವಿಲ್ಲ. ಉಳಿದ ಗಂಡುಮಕ್ಕಳ ಟಿಕೆಟ್ಟಿಗೆ ಸಮಾರೋಪದ ಬ್ಯಾನರು ಮತ್ತು ಶಾಲುಗಳ ಹಣ ಸಾಲುತ್ತದೆ.